ಉಣ್ಣೆ ಜ್ವರಕ್ಕೆ ಸೂಜಿ ಚುಚ್ಚುವ ಮೊದಲು ಒಂದು ಹನಿ ರಕ್ತ ನೋಡಿ

ಮಾನ್ಯ ಸಂಪಾದಕರೇ,

ನಾಯಿ ಎರಡು ದಿನದಿಂದ ಊಟ ಬಿಟ್ಟಿದೆ, ಮೈ ಸುಡುತ್ತಿದೆ, ಕಿವಿಯ ಮಡಿಕೆಯಲ್ಲಿ ನಾಲ್ಕು ಉಣ್ಣೆ ಸಿಕ್ಕಿವೆ. ಇಷ್ಟು ಕಂಡರೆ ಸಾಕು, ‘ಟಿಕ್ ಫೀವರ್’ ಎಂದು ತೀರ್ಮಾನವಾಗಿಬಿಡುತ್ತದೆ. ಹಿಂದೆಯೇ ಒಂದು ಇಂಜೆಕ್ಷನ್, ಐದು ದಿನದ ಮಾತ್ರೆ, ಒಂದು ಬಾಟಲಿ ಕಬ್ಬಿಣದ ಟಾನಿಕ್. ಕೆಲವು ನಾಯಿಗಳು ಚೇತರಿಸಿಕೊಳ್ಳುತ್ತವೆ. ಉಳಿದವು ಹದಿನೈದು ದಿನ ಕಳೆದು, ವಸಡು ಬಿಳಿಚಿಕೊಂಡು, ಮೂಗಿನಿಂದ ರಕ್ತ ಸೋರಿಸಿಕೊಂಡು ಮತ್ತೆ ಆಸ್ಪತ್ರೆಗೆ ಬರುತ್ತವೆ. ಆಗ ವೈದ್ಯರ ಕೈಯಲ್ಲಿ ಉಳಿದಿರುವುದು ಬಹಳ ಕಡಿಮೆ. ಆ ಹದಿನೈದು ದಿನ ಕೈತಪ್ಪದಂತೆ ನೋಡಿಕೊಳ್ಳಲು ಸಾಧ್ಯ ಎಂಬ ಕಾರಣಕ್ಕೆ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ಮೊದಲ ತೊಡಕು ಹೆಸರಿನಲ್ಲೇ ಇದೆ. ಟಿಕ್ ಫೀವರ್ ಒಂದು ರೋಗವಲ್ಲ, ಉಣ್ಣೆ ತರುವ ಹಲವು ರೋಗಗಳಿಗೆ ನಾವಿಟ್ಟ ಒಂದೇ ಅಡ್ಡಹೆಸರು. ಬೆಬೀಸಿಯ ಎಂಬ ಏಕಕೋಶ ಜೀವಿ ಕೆಂಪು ರಕ್ತಕಣದ ಒಳಹೊಕ್ಕು ಅಲ್ಲೇ ಬೆಳೆದು ಕಣವನ್ನು ಒಡೆಯುತ್ತದೆ. ಅದರಲ್ಲೂ ದೊಡ್ಡ ಜಾತಿಯ ವೋಗೆಲಿ, ಸಣ್ಣ ಜಾತಿಯ ಗಿಬ್ಸೋನಿ ಎಂದು ಎರಡಿವೆ, ಎರಡಕ್ಕೂ ಮದ್ದು ಬೇರೆ. ಗಿಬ್ಸೋನಿ ನಮ್ಮ ಕಡೆಗೆ ಹೊಸದೇನಲ್ಲ. ಅದನ್ನು ಮೊದಲು ಗುರುತಿಸಿದ್ದೇ 1910ರಲ್ಲಿ, ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ. ಎರ್ಲಿಕಿಯ ಎಂಬುದು ಬಿಳಿ ರಕ್ತಕಣದೊಳಗೆ ಅಡಗುವ ಬ್ಯಾಕ್ಟೀರಿಯ. ಪರೋಪಜೀವಿಗಳ ಸಾಲಿಗೆ ಅದು ಸೇರದಿದ್ದರೂ ಅದೇ ಉಣ್ಣೆಯ ಬೆನ್ನೇರಿ ಬರುವುದರಿಂದ ಬಿಟ್ಟು ಮಾತಾಡುವಂತಿಲ್ಲ. ಅದರ ಹತ್ತಿರದ ನೆಂಟ ಅನಾಪ್ಲಾಸ್ಮ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೊಳಗೇ ಮನೆ ಮಾಡುತ್ತದೆ. ಇನ್ನೊಂದು ಹೆಪಟೊಜೂನ್, ಇದು ಉಣ್ಣೆ ಕಚ್ಚುವುದರಿಂದ ಬರುವುದಿಲ್ಲ, ನಾಯಿ ತನ್ನ ಮೈ ಕಚ್ಚಿಕೊಳ್ಳುವಾಗ ಉಣ್ಣೆಯನ್ನೇ ನುಂಗಿದರೆ ಬರುತ್ತದೆ. ಒಂದೇ ನಾಯಿಯಲ್ಲಿ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇರುವುದೂ ಅಪರೂಪವಲ್ಲ.

ಮಲೆನಾಡಿನ ಓದುಗರಿಗೆ ಇಲ್ಲೇ ಒಂದು ಮಾತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಮಂಗನ ಕಾಯಿಲೆ ವೈರಸ್ಸಿನದು, ಅದನ್ನು ಹರಡುವ ಉಣುಗು ಕಾಡಿನದು. ಮನೆಯ ನಾಯಿಗೆ ಟಿಕ್ ಫೀವರ್ ಬಂದಿದೆಯೆಂದರೆ ಮನೆಗೆ ಮಂಗನ ಕಾಯಿಲೆ ಹೊಕ್ಕಿದೆ ಎಂದಲ್ಲ. ಆ ಹೆದರಿಕೆಯಲ್ಲಿ ನಾಯಿಯನ್ನು ಊರಾಚೆ ಬಿಟ್ಟುಬರಬೇಡಿ.

ಇಷ್ಟು ಬೇರೆ ಬೇರೆ ರೋಗಗಳ ಹೊರಲಕ್ಷಣ ಮಾತ್ರ ಹೆಚ್ಚುಕಡಿಮೆ ಒಂದೇ: ಜ್ವರ, ಊಟ ಬೇಡ, ಸುಸ್ತು, ಉಬ್ಬಿದ ಗುಲ್ಮ (ಸ್ಪ್ಲೀನ್). ಬೆಬೀಸಿಯದಲ್ಲಿ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಬಹುದು, ವಸಡು ಬಿಳಿಯಾಗಿ ಆಮೇಲೆ ಹಳದಿಯಾಗಬಹುದು. ಎರ್ಲಿಕಿಯದಲ್ಲಿ ಹೊಟ್ಟೆಯ ತೆಳು ಚರ್ಮದ ಮೇಲೆ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆ, ಮೂಗಿನಲ್ಲಿ ರಕ್ತ, ಕಣ್ಣಿನಲ್ಲಿ ನೀಲಿ ಮಬ್ಬು ಕಾಣಬಹುದು. ಆದರೆ ‘ಬಹುದು’ ಎಂಬುದನ್ನು ನಂಬಿ ಔಷಧ ಕೊಡುವಂತಿಲ್ಲ. ಹಳದಿ ವಸಡು, ಕಪ್ಪು ಮೂತ್ರ ಇಲಿ ಜ್ವರದಲ್ಲೂ ಇರುತ್ತವೆ, ಅದು ಮನುಷ್ಯರಿಗೂ ಅಂಟುವ ರೋಗ.

ಹಾಗಾಗಿ ಮೊದಲು ಆಗಬೇಕಾದದ್ದು ರಕ್ತದ ಸ್ಲೈಡ್, ಅಂದರೆ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದೂ ಮೊದಲ ಡೋಸ್ ಕೊಡುವುದಕ್ಕೂ ಮುಂಚೆ, ಏಕೆಂದರೆ ಔಷಧ ಶುರುವಾದ ಮೇಲೆ ರಕ್ತದಲ್ಲಿ ರೋಗಾಣು ಸಿಗುವುದು ಕಷ್ಟ. ಕಿವಿಯ ಅಂಚಿನ ಕೂದಲು ಬೋಳಿಸಿ, ಸ್ಪಿರಿಟ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಬೇಕು. ಸ್ಪಿರಿಟ್ ಹಸಿಯಿದ್ದರೆ ಕಣಗಳು ಸಿಡಿದುಹೋಗುತ್ತವೆ. ಸೂಜಿಯಿಂದ ಚುಚ್ಚಿದಾಗ ಬರುವ ಮೊದಲ ಹನಿಯೇ ಬೇಕು. ಬೆಬೀಸಿಯ ಹೊಕ್ಕ ಕಣಗಳು ಸಣ್ಣ ರಕ್ತನಾಳಗಳಲ್ಲಿ ತಡೆದು ನಿಲ್ಲುತ್ತವೆ, ಕಾಲಿನ ನರದಿಂದ ತೆಗೆದ ರಕ್ತಕ್ಕಿಂತ ಕಿವಿಯಂಚಿನ ಹನಿಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಸಾಸಿವೆ ಕಾಳಿನಷ್ಟು ಹನಿಯನ್ನು ಸ್ಲೈಡಿನ ತುದಿಗೆ ಮುಟ್ಟಿಸಿ, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು ಒಂದೇ ಎಳೆತಕ್ಕೆ ಮುಂದೆ ತಳ್ಳಬೇಕು. ಸರಿಯಾಗಿ ಎಳೆದ ಸ್ಲೈಡು ಹೆಬ್ಬೆರಳಿನ ಆಕಾರದಲ್ಲಿ ಹರಡಿ, ತುದಿಯಲ್ಲಿ ಹಕ್ಕಿಯ ಪುಕ್ಕದಂತೆ ತೆಳುವಾಗಿ ಮುಗಿಯುತ್ತದೆ. ದಪ್ಪವಾದರೆ ಕಣಗಳು ಒಂದರ ಮೇಲೊಂದು ಬಿದ್ದು ಏನೂ ಕಾಣದು. ಗಾಳಿಯಲ್ಲಿ ಬೀಸಿ ತಕ್ಷಣ ಒಣಗಿಸಿ ಮುಚ್ಚಿಡಬೇಕು, ಇಲ್ಲದಿದ್ದರೆ ನೊಣ, ಇರುವೆಗಳು ಸ್ಲೈಡಿನ ಮೇಲಿನ ರಕ್ತವನ್ನೇ ತಿಂದುಬಿಡುತ್ತವೆ. ಆಮೇಲೆ ಮೆಥನಾಲ್‌ನಲ್ಲಿ ಕೆಲವು ನಿಮಿಷ, ಹತ್ತು ಪಟ್ಟು ತೆಳುಮಾಡಿದ ಗೀಮ್ಸಾ ಬಣ್ಣದಲ್ಲಿ ಅರ್ಧ ಗಂಟೆ, ತೊಳೆದು ಒಣಗಿಸಿ ಎಣ್ಣೆ ಹಾಕಿ 100ರ ಲೆನ್ಸಿನಲ್ಲಿ ನೋಡುವುದು.

ವೋಗೆಲಿಯಾದರೆ ಕೆಂಪುಕಣದೊಳಗೆ ಎರಡು ಪೇರಳೆಕಾಯಿಯನ್ನು ತೊಟ್ಟಿನ ಬಳಿ ಜೋಡಿಸಿದಂತೆ ಕಾಣುತ್ತದೆ. ಗಿಬ್ಸೋನಿ ಸಣ್ಣ ಚುಕ್ಕೆ ಅಥವಾ ಹರಳಿನ ಉಂಗುರದಂತೆ. ಇಲ್ಲಿ ಹೆಚ್ಚು ಜನ ಎಡವುವುದು ಪ್ಲೇಟ್‌ಲೆಟ್ ವಿಷಯದಲ್ಲಿ: ಕೆಂಪುಕಣದ ಮೇಲೆ ಕೂತ ಒಂದು ಪ್ಲೇಟ್‌ಲೆಟ್ ಥೇಟ್ ಗಿಬ್ಸೋನಿಯಂತೆ ಕಾಣಬಲ್ಲದು. ಅದರ ಸುತ್ತ ತೆಳು ಬಿಳಿ ಅಂಚು ಇರುತ್ತದೆ, ಫೋಕಸ್ಸನ್ನು ಸ್ವಲ್ಪ ಮೇಲೆ ಕೆಳಗೆ ತಿರುಗಿಸಿದರೆ ಅದು ಕಣದ ಮೇಲಿದೆಯೇ ಒಳಗಿದೆಯೇ ತಿಳಿಯುತ್ತದೆ. ಬಣ್ಣದ ಕಸರನ್ನೂ ಹಾಗೆಯೇ ಬೆಬೀಸಿಯ ಎಂದು ಬರೆದುಬಿಡುವುದುಂಟು.

ಸ್ಲೈಡಿನಲ್ಲಿ ಏನೂ ಸಿಗದಿದ್ದರೆ ರೋಗವಿಲ್ಲ ಎಂದಲ್ಲ. ವೋಗೆಲಿ ರಕ್ತದಲ್ಲಿ ಬಹಳ ವಿರಳವಾಗಿರಬಹುದು, ಎರ್ಲಿಕಿಯ ಕಣ್ಣಿಗೆ ಬೀಳುವುದಂತೂ ಅದೃಷ್ಟ. ಅನುಮಾನ ಉಳಿದರೆ ಅದೇ ಹೊತ್ತಿನಲ್ಲಿ ತೆಗೆದ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬಿನ ರಕ್ತವನ್ನು ರೋಗಾಣುವಿನ ಡಿಎನ್ಎ ಹುಡುಕುವ ಪಿಸಿಆರ್‌ಗೆ ಕಳಿಸಬಹುದು. ಹತ್ತು ನಿಮಿಷದಲ್ಲಿ ಗೆರೆ ತೋರಿಸುವ ಕಿಟ್‌ಗಳು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಎರ್ಲಿಕಿಯ ವಾಸಿಯಾಗಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳಾದರೂ ಆ ಗೆರೆ ಬರುತ್ತಲೇ ಇರುತ್ತದೆ. ಗುಣವಾಗಿದೆಯೇ ಎಂದು ನೋಡಲು ಮತ್ತೆ ಅದೇ ಕಿಟ್ ಬಳಸಿ, ಗೆರೆ ಕಂಡು ಮತ್ತೊಂದು ತಿಂಗಳು ಮಾತ್ರೆ ತಿನ್ನಿಸುವುದು ಅನ್ಯಾಯ. ಜ್ವರ ಬಂದ ಮೊದಲ ವಾರದಲ್ಲೋ ಪ್ರತಿಕಾಯ ಇನ್ನೂ ಹುಟ್ಟಿರದೇ ಇರಬಹುದು, ಗೆರೆಯೂ ಬಾರದಿರಬಹುದು.

ಪ್ಲೇಟ್‌ಲೆಟ್ ಸಂಖ್ಯೆಯ ಬಗ್ಗೆಯೂ ಒಂದು ಎಚ್ಚರಿಕೆ. ಮನುಷ್ಯರ ಲ್ಯಾಬಿನ ಯಂತ್ರ ಮನುಷ್ಯರ ರಕ್ತಕಣದ ಅಳತೆಗೆ ಹೊಂದಿಸಿದ್ದು. ಅದಕ್ಕೆ ನಾಯಿಯ ರಕ್ತ ಕೊಟ್ಟರೆ ತಪ್ಪು ಲೆಕ್ಕ ಬರಬಹುದು. ರಕ್ತ ತೆಗೆಯುವಾಗ ನಾಯಿ ಕೊಸರಾಡಿ ತಡವಾದರೆ ಪ್ಲೇಟ್‌ಲೆಟ್‌ಗಳು ಗಂಟುಕಟ್ಟಿ, ಯಂತ್ರ ಅವನ್ನು ಎಣಿಸದೆ 30,000 ಎಂದು ಬರೆಯಬಹುದು. ಅದನ್ನು ನೋಡಿ ಮನೆಯವರ ಎದೆ ಒಡೆಯುತ್ತದೆ. ಅದೇ ಸ್ಲೈಡಿನ ಅಂಚಿನಲ್ಲಿ ಗಂಟುಗಳಿವೆಯೇ ನೋಡಿ, ಕಣಗಳು ಒಂದೇ ಪದರದಲ್ಲಿ ಹರಡಿರುವ ಜಾಗದಲ್ಲಿ ಹತ್ತು ಕಡೆ ಎಣಿಸಿ ಸರಾಸರಿ ತೆಗೆಯಲಿ. ಎಣ್ಣೆ ಲೆನ್ಸಿನಲ್ಲಿ ಕಂಡ ಒಂದೊಂದು ಪ್ಲೇಟ್‌ಲೆಟ್‌ಗೆ ಸುಮಾರು 15,000 ಲೆಕ್ಕ. ಎರಡು ಕಂಡರೆ 30,000, ಹತ್ತು ಕಂಡರೆ ಒಂದೂವರೆ ಲಕ್ಷ. ಆರೋಗ್ಯವಂತ ನಾಯಿಯಲ್ಲಿ ಸಾಮಾನ್ಯವಾಗಿ ಎರಡು ಲಕ್ಷದಿಂದ ಐದು ಲಕ್ಷ.

ಇನ್ನು ಔಷಧ. ಮುಂದೆ ಹೇಳುವ ಪ್ರಮಾಣಗಳು ಮನೆಯಲ್ಲಿ ಚುಚ್ಚಿಕೊಳ್ಳಲಿಕ್ಕಲ್ಲ. ಚೀಟಿಯಲ್ಲಿ ಏನು ಬರೆದಿದೆ, ಯಾಕೆ ಬರೆದಿದೆ ಎಂದು ಮನೆಯವರಿಗೆ ಗೊತ್ತಿದ್ದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದಿಲ್ಲ ಎಂಬುದಕ್ಕಾಗಿ.

ಎರ್ಲಿಕಿಯಕ್ಕೆ ಡಾಕ್ಸಿಸೈಕ್ಲಿನ್. ಕೆ.ಜಿ.ಗೆ ದಿನಕ್ಕೆ 10 ಮಿ.ಗ್ರಾಂ, ಒಮ್ಮೆಗೇ ಅಥವಾ ಎರಡು ಭಾಗ ಮಾಡಿ, 28 ದಿನ. 20 ಕೆ.ಜಿ. ನಾಯಿಗೆ 100 ಮಿ.ಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು, ಒಟ್ಟು 56. ಒಂದೆರಡು ದಿನದಲ್ಲಿ ಜ್ವರ ಇಳಿಯುತ್ತದೆ, ನಾಯಿ ಬಾಲ ಆಡಿಸುತ್ತದೆ, ವಾರದೊಳಗೆ ಪ್ಲೇಟ್‌ಲೆಟ್ ಏರತೊಡಗುತ್ತದೆ, ಐದನೇ ದಿನಕ್ಕೆ ಮಾತ್ರೆ ನಿಲ್ಲುತ್ತದೆ. ತಪ್ಪು ನಡೆಯುವುದು ಇಲ್ಲೇ. ಉಳಿದ ರೋಗಾಣುಗಳು ಗುಲ್ಮದಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸದ್ದಿಲ್ಲದೆ ಕೂರುತ್ತವೆ. ಕೆಲವು ನಾಯಿಗಳಲ್ಲಿ ಕೊನೆಗೆ ಮೂಳೆಮಜ್ಜೆಯೇ ಬತ್ತಿ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರೂ ಕುಸಿಯುತ್ತವೆ. ಆ ಹಂತದಿಂದ ಹಿಂದೆ ಬರುವ ನಾಯಿಗಳು ಕಡಿಮೆ. ಹತ್ತೊಂಬತ್ತನೇ ದಿನ ನಾಯಿ ಅಂಗಳದಲ್ಲಿ ಓಡಾಡುತ್ತಿದ್ದರೂ ಮಾತ್ರೆ ನುಂಗಿಸಿ.

ಡಾಕ್ಸಿಸೈಕ್ಲಿನ್ ಬರಿಹೊಟ್ಟೆಗೆ ಕೊಟ್ಟರೆ ವಾಂತಿಯಾಗುತ್ತದೆ, ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳವನ್ನು ಸುಡುತ್ತದೆ. ಎರಡು ತುತ್ತು ಅನ್ನ ಕೊಟ್ಟು, ಮಾತ್ರೆ ನುಂಗಿಸಿ, ಮೇಲೆ ಸಿರಿಂಜಿನಿಂದ 5–10 ಮಿ.ಲೀ. ನೀರನ್ನು ಕೆನ್ನೆಯ ಸಂದಿಯಲ್ಲಿ ನಿಧಾನಕ್ಕೆ ಬಿಡಿ. ಹಾಲು, ಮೊಸರನ್ನದೊಳಗೆ ಇಟ್ಟು ಕೊಡಬೇಡಿ. ಕಬ್ಬಿಣದ ಟಾನಿಕ್ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚುಕಡಿಮೆ ಎಲ್ಲ ಚೀಟಿಗಳಲ್ಲೂ ಎರಡೂ ಒಟ್ಟಿಗೇ ಇರುತ್ತವೆ: ಕಬ್ಬಿಣ ಹೊಟ್ಟೆಯಲ್ಲಿ ಡಾಕ್ಸಿಸೈಕ್ಲಿನ್ ಜೊತೆ ಗಂಟುಬಿದ್ದು ಅದು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಮಾತ್ರೆ 28 ದಿನವೂ ತಪ್ಪದೆ ಹೋಗಿರುತ್ತದೆ, ರೋಗ ಹಾಗೇ ಇರುತ್ತದೆ. ಬೆಬೀಸಿಯದ ರಕ್ತಹೀನತೆ ಕಬ್ಬಿಣದ ಕೊರತೆಯಿಂದ ಬಂದದ್ದೂ ಅಲ್ಲ. ಕಣ ಒಡೆದರೂ ಅದರೊಳಗಿನ ಕಬ್ಬಿಣ ಮೈಯಲ್ಲೇ ಉಳಿಯುತ್ತದೆ. ತುಂಬ ರಕ್ತ ಹೊರಗೆ ಸೋರಿಹೋದ ನಾಯಿಗೆ ಟಾನಿಕ್ ಬೇಕೇ ಬೇಕು ಎಂದು ವೈದ್ಯರು ಹೇಳಿದರೆ, ಮಾತ್ರೆಗೂ ಅದಕ್ಕೂ ಕನಿಷ್ಠ ಮೂರು ಗಂಟೆ ಅಂತರವಿರಲಿ. ಹೊಟ್ಟೆಯುರಿಗೆ ಕೊಡುವ ಆಂಟಾಸಿಡ್, ಸುಕ್ರಾಲ್ಫೇಟ್ ಸಿರಪ್‌ಗಳಿಗೂ ಇದೇ ಮಾತು.

ವೋಗೆಲಿ ಬೆಬೀಸಿಯಕ್ಕೆ ಇಮಿಡೋಕಾರ್ಬ್, ಕೆ.ಜಿ.ಗೆ 6.6 ಮಿ.ಗ್ರಾಂ, ಮಾಂಸಖಂಡಕ್ಕೆ ಅಥವಾ ಚರ್ಮದಡಿಗೆ, 14 ದಿನ ಬಿಟ್ಟು ಇನ್ನೊಂದು. 20 ಕೆ.ಜಿ. ನಾಯಿಗೆ 132 ಮಿ.ಗ್ರಾಂ, ಮಿ.ಲೀ.ಗೆ 120 ಮಿ.ಗ್ರಾಂ ಇರುವ ದ್ರಾವಣವಾದರೆ 1.1 ಮಿ.ಲೀ. ನಾಯಿಯನ್ನು ತೂಗದೆ ಕಣ್ಣಂದಾಜಿನಲ್ಲಿ ಸಿರಿಂಜ್ ತುಂಬಿಸುವ ಔಷಧವಲ್ಲ ಇದು. ರಕ್ತನಾಳಕ್ಕೆ ಎಂದೂ ಕೊಡಬಾರದು. ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ನಾಯಿ ಜೊಲ್ಲು ಸುರಿಸಿ, ವಾಂತಿ ಮಾಡಿ, ನಡುಗಬಹುದು. ಹದಿನೈದು ಇಪ್ಪತ್ತು ನಿಮಿಷ ಮೊದಲು ಅಟ್ರೋಪಿನ್ ಕೊಟ್ಟರೆ ಈ ಸಂಕಟ ತಪ್ಪುತ್ತದೆ. ಚುಚ್ಚಿಸಿ ತಕ್ಷಣ ಮನೆಗೆ ಹೊರಡಬೇಡಿ, ಅರ್ಧ ಗಂಟೆ ಅಲ್ಲೇ ಕೂತಿರಿ. ಮೂತ್ರಪಿಂಡ, ಯಕೃತ್ತು ಕೆಟ್ಟಿರುವ ನಾಯಿಗಾದರೆ ಎರಡು ಬಾರಿ ಯೋಚಿಸಬೇಕು. ಈ ಒಂದು ಇಂಜೆಕ್ಷನ್ ಎಲ್ಲ ಟಿಕ್ ಫೀವರಿಗೂ ಆಗುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಆಗುವುದಿಲ್ಲ. ಎರ್ಲಿಕಿಯವನ್ನು ಅದು ಹೋಗಲಾಡಿಸದು, ಗಿಬ್ಸೋನಿಯನ್ನೂ ಪೂರ್ತಿ ತೊಳೆಯದು. ಹೆಪಟೊಜೂನ್‌ಗೆ ಮಾತ್ರ ಕೆ.ಜಿ.ಗೆ 5–6 ಮಿ.ಗ್ರಾಂನಂತೆ 14 ದಿನಕ್ಕೊಮ್ಮೆ, ಸ್ಲೈಡಿನಲ್ಲಿ ಅದು ಕಾಣೆಯಾಗುವ ತನಕ ಕೊಡಬೇಕಾಗುತ್ತದೆ.

ಗಿಬ್ಸೋನಿಯೇ ಎಲ್ಲಕ್ಕಿಂತ ಹಠಮಾರಿ. ಇದಕ್ಕೆ ಹೆಚ್ಚು ಭರವಸೆಯ ಚಿಕಿತ್ಸೆ ಅಟೊವಾಕ್ವೋನ್ ಕೆ.ಜಿ.ಗೆ 13.3 ಮಿ.ಗ್ರಾಂ ದಿನಕ್ಕೆ ಮೂರು ಸಲ, ಜೊತೆಗೆ ಅಜಿಥ್ರೊಮೈಸಿನ್ 10 ಮಿ.ಗ್ರಾಂ ದಿನಕ್ಕೊಮ್ಮೆ, ಹತ್ತು ದಿನ. ಅಟೊವಾಕ್ವೋನ್ ಕೊಬ್ಬಿನ ಜೊತೆಗೇ ಮೈಗೆ ಹತ್ತುವುದು, ಹಾಗಾಗಿ ಕೊಬ್ಬಿರುವ ಊಟದ ಜೊತೆಯಲ್ಲೇ ಕೊಡಬೇಕು. ಗಂಜಿಯ ಜೊತೆ ಕೊಟ್ಟರೆ ದುಬಾರಿ ಔಷಧ ಮಲದಲ್ಲಿ ಹೊರಹೋಗುತ್ತದೆ. ಅದು ಸಿಗಲಿಲ್ಲವೆಂದು ಮಲೇರಿಯಾಕ್ಕೆ ಮಾರುವ ಪ್ರೊಗ್ವಾನಿಲ್ ಬೆರೆತ ಮಾತ್ರೆ ತಂದರೆ ನಾಯಿ ವಾಂತಿ ಮಾಡಿಕೊಂಡು ಇನ್ನಷ್ಟು ಸೊರಗುತ್ತದೆ. ಔಷಧ ನಿಜಕ್ಕೂ ಸಿಗದಾಗ ಕ್ಲಿಂಡಾಮೈಸಿನ್ 25, ಡಾಕ್ಸಿಸೈಕ್ಲಿನ್ 5, ಮೆಟ್ರೊನಿಡಜೋಲ್ 15 ಮಿ.ಗ್ರಾಂ, ಕೆ.ಜಿ. ಲೆಕ್ಕದಲ್ಲಿ, ದಿನಕ್ಕೆರಡು ಸಲ ಕೊಡುವ ಕ್ರಮವಿದೆ. ನಿಧಾನ, ವಾರಗಟ್ಟಲೆ ಹಿಡಿಯುತ್ತದೆ. ನಡುವೆ ನಾಯಿ ತೂರಾಡತೊಡಗಿದರೆ, ಕಣ್ಣುಗುಡ್ಡೆ ಅತ್ತಿತ್ತ ತುಯ್ದಾಡಿದರೆ ಮೆಟ್ರೊನಿಡಜೋಲ್ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಡಿಮಿನಾಜಿನ್ ಎಂಬ ಹಳೆಯ ಇಂಜೆಕ್ಷನ್ ಹಳ್ಳಿ ಹಳ್ಳಿಯಲ್ಲೂ ಸಿಗುತ್ತದೆ, ದನಗಳಿಗೆ ಬಳಸುವಂಥದ್ದು. ನಾಯಿಗೆ ಕೆ.ಜಿ.ಗೆ 3.5 ಮಿ.ಗ್ರಾಂ, ಒಮ್ಮೆ ಮಾತ್ರ. ಜ್ವರ ಇಳಿಯಲಿಲ್ಲವೆಂದು ಮಾರನೇ ದಿನ ಮತ್ತೆ ಚುಚ್ಚಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ನಾಯಿ ಸೆಟೆದು ಬೀಳಬಹುದು. ಉಪಕಾರಕ್ಕೂ ಅಪಾಯಕ್ಕೂ ನಡುವೆ ಇಷ್ಟು ಕಿರಿದಾದ ಅಂತರವಿರುವ ಔಷಧವನ್ನು ಪರೀಕ್ಷೆಯಿಲ್ಲದೆ ಬಳಸುವುದನ್ನು ನಾನು ಒಪ್ಪಲಾರೆ.

ಗಿಬ್ಸೋನಿಗೆ ಚಿಕಿತ್ಸೆ ಮುಗಿದ ಮೇಲೆ 60 ಮತ್ತು 90ನೇ ದಿನ ಪಿಸಿಆರ್ ಮಾಡಿಸಿ, ಎರಡೂ ಇಲ್ಲವೆಂದು ಬಂದರೆ ಮಾತ್ರ ನಿಟ್ಟುಸಿರು ಬಿಡಬಹುದು. ಎಷ್ಟೋ ನಾಯಿಗಳು ಹೊರಗೆ ಚೆನ್ನಾಗಿದ್ದು ಒಳಗೆ ಅದನ್ನು ಹೊತ್ತುಕೊಂಡೇ ಇರುತ್ತವೆ. ಅಂಥ ನಾಯಿ ರಕ್ತದಾನಕ್ಕೆ ಬಾರದು. ಕಚ್ಚಾಟದ ಗಾಯದಿಂದ ಇನ್ನೊಂದು ನಾಯಿಗೆ, ಬಸಿರಿನಲ್ಲಿ ಮರಿಗಳಿಗೆ ರೋಗ ದಾಟಬಲ್ಲದು. ‘ನಮ್ಮ ನಾಯಿಯ ಮೈಮೇಲೆ ಒಂದು ಉಣ್ಣೆಯೂ ಇಲ್ಲ, ಹೇಗೆ ಬಂತು’ ಎಂದು ಕೇಳುವವರು ಕಳೆದ ತಿಂಗಳ ಜಗಳವನ್ನು ನೆನಪಿಸಿಕೊಳ್ಳಲಿ.

ಮನೆಮದ್ದು, ಮೆಡಿಕಲ್ ಶಾಪ್ ಮದ್ದಿನ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. ಐಬುಪ್ರೊಫೆನ್, ಡೈಕ್ಲೋಫಿನಾಕ್ ನಾಯಿಯ ಹೊಟ್ಟೆ, ಕರುಳಲ್ಲಿ ಹುಣ್ಣು ಮಾಡಿ ರಕ್ತ ಸೋರಿಸುತ್ತವೆ. ಪ್ಲೇಟ್‌ಲೆಟ್ ಮೊದಲೇ ಕುಸಿದ ನಾಯಿಗೆ ಆ ಸೋರಿಕೆ ನಿಲ್ಲುವುದೇ ಇಲ್ಲ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತನ್ನೂ ಕೆಂಪುಕಣವನ್ನೂ ಕೆಡಿಸುತ್ತದೆ. ಸ್ಟಿರಾಯ್ಡ್ ಚುಚ್ಚಿದರೆ ನಾಯಿ ಅದೇ ಸಂಜೆ ಎದ್ದು ಊಟ ಮಾಡುತ್ತದೆ, ಎಲ್ಲರಿಗೂ ಸಂತೋಷ. ಆದರೆ ಅಡಿಯಲ್ಲಿ ಬೆಬೀಸಿಯ ಇದ್ದರೆ ಅದಕ್ಕೂ ಅಷ್ಟೇ ಅನುಕೂಲ. ದೇಹ ತನ್ನ ಪ್ಲೇಟ್‌ಲೆಟ್‌ಗಳನ್ನು ತಾನೇ ನಾಶಮಾಡುವ ಹಂತಕ್ಕೆ ಹೋದಾಗ ಕೆಲವೇ ದಿನ ಸ್ಟಿರಾಯ್ಡ್ ಬೇಕಾಗಬಹುದು, ಅದು ವೈದ್ಯರ ತೀರ್ಮಾನ. ಪಪ್ಪಾಯಿ ಎಲೆಯ ರಸ ಯಾವ ರೋಗಾಣುವನ್ನೂ ಕೊಲ್ಲುವುದಿಲ್ಲ. ಅದನ್ನು ಕುಡಿಸುತ್ತ ಮೂರು ದಿನ ಕಾದರೆ ಹೋಗುವುದು ಆ ಮೂರು ದಿನ.

ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ನಾಯಿಯಲ್ಲಿ ಶೇಕಡಾ 37ರಿಂದ 55 ಇರಬೇಕು. 15ಕ್ಕಿಂತ ಕೆಳಗಿಳಿದು ನಾಯಿ ಏದುಸಿರು ಬಿಡುತ್ತಿದ್ದರೆ ಔಷಧ ಕೆಲಸ ಮಾಡುವಷ್ಟು ಸಮಯ ಅದಕ್ಕಿಲ್ಲ, ರಕ್ತ ಕೊಡಿಸಬೇಕು. ಕೆ.ಜಿ.ಗೆ 2 ಮಿ.ಲೀ. ರಕ್ತ ಕೊಟ್ಟರೆ ಪಿಸಿವಿ ಸುಮಾರು 1 ಏರುತ್ತದೆ. 20 ಕೆ.ಜಿ. ನಾಯಿಯನ್ನು 12ರಿಂದ 20ಕ್ಕೆ ತರಲು 320 ಮಿ.ಲೀ. ಬೇಕು. ಕೊಡುವ ನಾಯಿ 25 ಕೆ.ಜಿ.ಗಿಂತ ಹೆಚ್ಚು ತೂಕದ್ದು, ಲಸಿಕೆ ಹಾಕಿಸಿದ್ದು, ಇದೇ ಉಣ್ಣೆ ರೋಗಗಳ ಪರೀಕ್ಷೆ ಆಗಿರುವಂಥದ್ದು ಇರಬೇಕು. ಮೊದಲ ಅರ್ಧ ಗಂಟೆ ಹನಿಹನಿಯಾಗಿ ಬಿಟ್ಟು, ಮುಖ ಊದಿಕೊಳ್ಳುವುದು, ನಡುಕ, ವಾಂತಿ ಇಲ್ಲವೆಂದು ನೋಡಿಕೊಂಡು, ನಾಲ್ಕು ಗಂಟೆಯೊಳಗೆ ಮುಗಿಸಬೇಕು. ನಾಯಿ ಸಾಕಿರುವವರು ತಮ್ಮ ಬಡಾವಣೆಯಲ್ಲಿ ರಕ್ತ ಕೊಡಬಲ್ಲ ಎರಡು ದೊಡ್ಡ ನಾಯಿ ಯಾವುವು ಎಂದು ಈಗಲೇ ತಿಳಿದಿಟ್ಟುಕೊಂಡರೆ ನಡುರಾತ್ರಿ ಫೋನ್ ಹಿಡಿದು ಅಲೆಯಬೇಕಾಗಿಲ್ಲ.

ಇಷ್ಟೆಲ್ಲ ಮಾಡಿ ಗುಣಪಡಿಸಿದ ನಾಯಿಯನ್ನು ಅದೇ ಉಣ್ಣೆಗಳ ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದ ಶುರು. ವಾಸಿಯಾದ ಮಾತ್ರಕ್ಕೆ ರೋಗ ಮರುಕಳಿಸದು ಎಂದಿಲ್ಲ, ತಡೆಯಲು ನಮ್ಮಲ್ಲಿ ಲಸಿಕೆಯೂ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕಂದು ಉಣ್ಣೆ ಮರಿಯಿಂದ ಮುದಿತನದ ತನಕ ನಾಯಿಯ ರಕ್ತವನ್ನೇ ನೆಚ್ಚಿದ್ದು. ಪ್ರತಿ ಸಲ ಹೊಟ್ಟೆ ತುಂಬಿದ ಮೇಲೆ ಕೆಳಗಿಳಿದು ಗೋಡೆಯ ಬಿರುಕಿಗೆ ಸೇರುತ್ತದೆ. ಹರಳು ಬೀಜದಷ್ಟು ಉಬ್ಬಿದ ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಯ ಮೈಮೇಲೆ ಕಾಣುವುದು ಮನೆಯಲ್ಲಿರುವುದರ ಸಣ್ಣ ಪಾಲು ಮಾತ್ರ.

ಎರ್ಲಿಕಿಯ ದಾಟಲು ಉಣ್ಣೆ ಕಚ್ಚಿ ಕೆಲವೇ ಗಂಟೆ ಸಾಕು, ಬೆಬೀಸಿಯಕ್ಕೆ ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಅಫಾಕ್ಸೊಲಾನರ್, ಸಾರೊಲಾನರ್ ತಿಂಗಳಿಗೊಂದು, ಫ್ಲುರಾಲಾನರ್ 12 ವಾರಕ್ಕೊಂದು ಮಾತ್ರೆ. ಉಣ್ಣೆ ಕಚ್ಚಿದ ಮೇಲೆ ಇವು ಕೊಲ್ಲುತ್ತವೆ. ಹಾಗಾಗಿ ಬೆಬೀಸಿಯ ತಡೆಗೆ ಬಹಳ ಒಳ್ಳೆಯವು, ಎರ್ಲಿಕಿಯಕ್ಕೆ ಅಷ್ಟು ಖಾತ್ರಿಯಲ್ಲ. ಉಣ್ಣೆ ಹೆಚ್ಚಿರುವ ಕಡೆ ಕಚ್ಚುವ ಮೊದಲೇ ಓಡಿಸುವ ಫ್ಲುಮೆಥ್ರಿನ್ ಪಟ್ಟಿಯನ್ನೂ ಕುತ್ತಿಗೆಗೆ ಕಟ್ಟುವುದು ಲೇಸು. ಫಿಟ್ಸ್ ಬರುವ ನಾಯಿಗೆ, ಎಂಟು ವಾರ ತುಂಬದ ಮರಿಗೆ ಈ ಮಾತ್ರೆಗಳು ಬೇಡ. ಅಮಿಟ್ರಾಜ್ 12.5 ಶೇಕಡಾ ದ್ರಾವಣವನ್ನು ಲೀಟರ್ ನೀರಿಗೆ 2 ಮಿ.ಲೀ. ಬೆರೆಸಿ ಹಚ್ಚುವುದು ಅಗ್ಗದ ದಾರಿ. ಮೈ ಒಣಗುವ ತನಕ ನಾಯಿ ನೆಕ್ಕಬಾರದು. ಅಂದಾಜಿನಲ್ಲಿ ಒಂದು ಮುಚ್ಚಳ ಸುರಿದರೆ ನಾಯಿ ಮಂಕಾಗಿ ಎದೆಬಡಿತ ಇಳಿದುಹೋಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್, ಸೈಪರ್‌ಮೆಥ್ರಿನ್ ಹತ್ತಿರ ತರಬೇಡಿ, ನಾಯಿಯ ಬೆನ್ನಿಗೆ ಹಚ್ಚಿದ್ದನ್ನು ಬೆಕ್ಕು ನೆಕ್ಕಿದರೂ ಸಾಯಬಹುದು.

ಕಚ್ಚಿದ ಉಣ್ಣೆಯನ್ನು ಚರ್ಮಕ್ಕೆ ತಾಗಿದಂತೆ ಚಿಮಟದಲ್ಲಿ ಹಿಡಿದು ನೇರ ಎಳೆದು ಸ್ಪಿರಿಟ್ಟಿಗೆ ಹಾಕಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಗುರಿನಲ್ಲಿ ಒತ್ತಿ ಪಟ್ಟೆನಿಸುವ ಅಭ್ಯಾಸವನ್ನಂತೂ ಬಿಟ್ಟುಬಿಡಿ, ಇದೇ ಉಣ್ಣೆಯೊಳಗೆ ಮನುಷ್ಯರಿಗೆ ಜ್ವರ ತರುವ ರಿಕೆಟ್ಸಿಯವೂ ಇರಬಹುದು, ಅದು ಬೆರಳಿನ ಗಾಯದಿಂದ ಒಳಸೇರುತ್ತದೆ.

ಗೂಡಿನ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ. ನೆಲ, ಗೋಡೆಯ ಬುಡ, ಬಾಗಿಲ ಚೌಕಟ್ಟಿನ ಸಂದಿಗೆ ಔಷಧ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ನಾಯಿಯನ್ನು ಬಿಡಿ. ಸಿಂಪಡಣೆ ಮೊಟ್ಟೆಗಳನ್ನು ಸರಿಯಾಗಿ ಕೊಲ್ಲದು, ಅವು ಒಡೆಯಲು ಎರಡು ಮೂರು ವಾರ ಬೇಕು, ಅದಕ್ಕೇ ಹದಿನೈದು ದಿನಕ್ಕೊಮ್ಮೆಯಂತೆ ಕನಿಷ್ಠ ಮೂರು ಸಲವಾದರೂ ಆಗಬೇಕು. ನಾಯಿ ಆಸ್ಪತ್ರೆಯಿಂದ ಮನೆಗೆ ಬರುವ ಮುಂಚೆ ಅದು ಮಲಗುತ್ತಿದ್ದ ಗೋಣಿಚೀಲವನ್ನು ಎತ್ತಿ ಹೊಲಿಗೆಯನ್ನು ಬಿಡಿಸಿ ನೋಡಿ. ಕಂದು ಬಣ್ಣದ ಸಣ್ಣ ಮಣಿಗಳ ಗೊಂಚಲು ಕಂಡರೆ ಒಗೆಯಲು ಹೋಗದೆ ಅಂಗಳದಲ್ಲಿಟ್ಟು ಸುಟ್ಟುಬಿಡಿ.

ಇಂತಿ,
ಸಾಕುಪ್ರಾಣಿಗಳ ಚಿಕಿತ್ಸೆಯಲ್ಲಿ ತೊಡಗಿರುವ ಪಶುವೈದ್ಯ
ಬೆಂಗಳೂರು